ಅಪ್ಪನನ್ನೂ ಒಳಗೆ ಕರೆಯಿರಿ: ದಾವಣಗೆರೆ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ಜಿಲ್ಲೆಯ ಆರೋಗ್ಯ, ಶಿಕ್ಷಣ, ಮಹಿಳಾ ಮತ್ತು ಮಕ್ಕಳ ಇಲಾಖೆಗಳಲ್ಲಿ ಕೆಲಸ ಮಾಡುವವರೇ,

ನಮಸ್ಕಾರ. ಚನ್ನಗಿರಿ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಮೂವತ್ತೊಂದು ವರ್ಷ ಪಾಠ ಮಾಡಿ, ಹೋದ ವರ್ಷ ನಿವೃತ್ತಳಾದವಳು ನಾನು. ಒಬ್ಬ ಹುಡುಗನ ವಿಷಯ ನಿಮಗೆ ಹೇಳಬೇಕು. ಅವನ ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಊರಿನ ಹೆಸರು, ಶಾಲೆಯ ಹೆಸರು ಬಿಟ್ಟಿದ್ದೇನೆ.

2023ರ ಅಡಿಕೆ ಕೊಯ್ಲಿನ ಕಾಲ. ಶಾಲೆಯ ಹಿಂದಿನ ತೋಟದವರು ಆ ವರ್ಷ ಅಡಿಕೆ ಸುಲಿಯುವ ಮಷೀನು ತಂದಿದ್ದರು. ಶುರುವಾದರೆ ತಟತಟತಟ ಅಂತ ಒಂದೇ ಸಮ ಸದ್ದು. ಮೊದಲ ದಿನ ಮಷೀನು ಶುರುವಾದಾಗ ಮೂರನೇ ಕ್ಲಾಸಿನಲ್ಲಿ ನಾನು ಒತ್ತಕ್ಷರ ಬರೆಸುತ್ತಿದ್ದೆ. ಎರಡನೇ ಸಾಲಿನಲ್ಲಿದ್ದ ಈ ಹುಡುಗ ಎದ್ದ. ಯಾರ ಮುಖವನ್ನೂ ನೋಡಲಿಲ್ಲ. ನೇರ ಹೋಗಿ ಬಾಗಿಲು ಹಾಕಿದ. ಚಿಲಕ ಎಳೆದ. ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು, ಎರಡೂ ಕೈ ತಲೆ ಮೇಲೆ ಇಟ್ಟುಕೊಂಡ. ಮಕ್ಕಳು ನಕ್ಕರು. ನಾನು ಗದರಿದೆ. ಮಾರನೇ ದಿನವೂ ಅದೇ ಆಯಿತು. ಮೂರನೇ ದಿನ ನನಗೆ ಸಿಟ್ಟು ಬಂತು. ಹೊರಗೆ ಜಗುಲಿಯ ಮೇಲೆ ನಿಲ್ಲಿಸಿದೆ. ಸದ್ದು ಬರುವ ಕಡೆಗೇ ನಿಲ್ಲಿಸಿದ್ದೆ. ಸ್ವಲ್ಪ ಹೊತ್ತಿಗೆ ಹೋಗಿ ನೋಡಿದರೆ ಚಡ್ಡಿ ಒದ್ದೆ. ಅತ್ತಿರಲಿಲ್ಲ. ಕಣ್ಣು ಮಾತ್ರ ಅಗಲವಾಗಿತ್ತು. ಅದನ್ನು ನೆನೆಸಿಕೊಂಡರೆ ಈಗಲೂ ನನ್ನ ಹೊಟ್ಟೆ ಕಿವುಚುತ್ತದೆ.

ಬಟ್ಟೆ ಬದಲಿಸಲು ಅವನ ಚೀಲ ತೆಗೆದೆ. ಒಳಗೆ ಮೂರು ನೀರಿನ ಬಾಟಲಿ, ಮೂರೂ ಭರ್ತಿ. ಬಿಸಿಯೂಟದಲ್ಲಿ ಕೊಟ್ಟ ಮೊಟ್ಟೆ ನೋಟ್‌ಬುಕ್ಕಿನ ಹಾಳೆಯಲ್ಲಿ ಸುತ್ತಿಟ್ಟಿತ್ತು. ವಾಸನೆ ಬರುತ್ತಿತ್ತು. ಎಷ್ಟು ದಿನದ್ದೋ.

"ಇಷ್ಟು ನೀರು ಯಾಕೋ ಪುಟ್ಟ?" ಅಂದೆ.

"ನಲ್ಲಿ ನಿಂತೋದ್ರೆ ಬೇಕಲ್ವಾ ಟೀಚರ್" ಅಂದ. ಅಷ್ಟೇ.

ಆ ಹುಡುಗ ಅಲ್ಲಿವರೆಗೆ ಅತಿ ದೂರ ಹೋಗಿದ್ದು ಅಂದರೆ ದಾವಣಗೆರೆಗೆ, ದುಗ್ಗಮ್ಮನ ಜಾತ್ರೆಗೆ. ಅವನು ಗುಂಡಿನ ಸದ್ದು ಕೇಳಿದವನಲ್ಲ. ಕೇಳಿದವರು ಅವನ ಅಪ್ಪ ಅಮ್ಮ.

ಹಕ್ಕಿಪಿಕ್ಕಿ ಸಮುದಾಯದವರು ಅವರು. ತಲೆಗೂದಲಿನ ಎಣ್ಣೆ, ಗಿಡಮೂಲಿಕೆ ಮಾರಲು ನಮ್ಮ ಕಡೆಯ ಹಕ್ಕಿಪಿಕ್ಕಿ ಜನ ಆಫ್ರಿಕಾದ ದೇಶಗಳಿಗೆ ಹೋಗಿ ಬರುವುದು ನಿಮಗೂ ಗೊತ್ತಿದೆ. ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು, ಸಾಲ ಮಾಡಿ ಸರಕು ಕಟ್ಟಿಕೊಂಡು, ಸಾಲ ಮಾಡಿಯೇ ಟಿಕೆಟ್ ತೆಗೆಸಿ ಹೋಗುತ್ತಾರೆ. ಇವರಿಬ್ಬರೂ ಸುಡಾನಿಗೆ ಹೋಗಿದ್ದರು. 2023ರ ಏಪ್ರಿಲ್ 15ರಂದು ಅಲ್ಲಿನ ಸೈನ್ಯಕ್ಕೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಯುದ್ಧ ಶುರುವಾಯಿತು. ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಕೊಂಡ ಸುದ್ದಿ ಆಗ ಎಲ್ಲ ಪೇಪರುಗಳಲ್ಲೂ ಬಂತು. ಏಪ್ರಿಲ್ 24ಕ್ಕೆ ಕೇಂದ್ರ ಸರ್ಕಾರ ಆಪರೇಷನ್ ಕಾವೇರಿ ಶುರು ಮಾಡಿತು. ಪೋರ್ಟ್ ಸುಡಾನ್‌ನಿಂದ ಹಡಗು, ವಿಮಾನಗಳಲ್ಲಿ ಸೌದಿ ಅರೇಬಿಯಾದ ಜೆಡ್ಡಾಕ್ಕೆ, ಅಲ್ಲಿಂದ ಊರಿಗೆ. ಒಟ್ಟು 3,862 ಜನರನ್ನು ಕರೆತಂದರು. ಅದು ದೊಡ್ಡ ಕೆಲಸ. ಅದನ್ನು ಮಾಡಿದ ಪ್ರತಿಯೊಬ್ಬರಿಗೂ ನಾನು ಕೈ ಮುಗಿಯುತ್ತೇನೆ.

ನಾನು ಕೇಳುತ್ತಿರುವುದು ಅದರ ನಂತರದ್ದು. ಬಸ್ಸಿನಿಂದ ಇಳಿಸಿ, ಹೆಸರು ಬರೆದುಕೊಂಡು, ಮನೆಗೆ ಬಿಟ್ಟ ಮೇಲೆ ಏನಾಯಿತು?

ಹುಡುಗನನ್ನು ಹೊರಗೆ ನಿಲ್ಲಿಸಿದ ದಿನ ಸಂಜೆ ಅವರ ಮನೆಗೆ ಹೋದೆ. ಅಪ್ಪ ಹಗಲಿನಲ್ಲೂ ಬಾಗಿಲು ಹಾಕಿಕೊಂಡು ಮಲಗಿದ್ದ. ಅಮ್ಮ ಒಲೆ ಮುಂದೆ ಕೂತಿದ್ದಳು. ಒಲೆ ಆರಿ ಹೋಗಿತ್ತು. "ಶಾಲೇಲಿ ಹಿಂಗಾಯ್ತಪ್ಪ. ನೀವೇನಾದ್ರೂ ಅಲ್ಲಿಂದು ಹುಡುಗನ ಮುಂದೆ ಹೇಳಿದ್ರಾ?" ಅಂತ ಕೇಳಿದೆ.

"ದೇವರಾಣೆ ಇಲ್ಲ ಟೀಚರ್. ಒಂದು ಮಾತೂ ಹೇಳಿಲ್ಲ. ಮಗಾ ಹೆದರ್ತಾನೆ ಅಂತ ಬಾಯೇ ಬಿಟ್ಟಿಲ್ಲ" ಅಂದ.

ಅವನು ಸುಳ್ಳು ಹೇಳಲಿಲ್ಲ. ಅಜ್ಜಿ ನನ್ನನ್ನು ಬಾವಿಯ ಹತ್ತಿರ ಕರೆದುಕೊಂಡು ಹೋಗಿ ಹೇಳಿದಳು. ರಾತ್ರಿ ತನ್ನ ಮಗ, ಅಂದರೆ ಹುಡುಗನ ಅಪ್ಪ, ನಿದ್ದೆಯಲ್ಲಿ ಕೂಗುತ್ತಾನೆ, "ಬಾಗಿಲು ಹಾಕು, ಬಾಗಿಲು ಹಾಕು" ಅಂತ. ಎಲ್ಲೋ ಪಟಾಕಿ ಸಿಡಿದರೆ ಊಟದ ತಟ್ಟೆ ಬಿಟ್ಟು ಎದ್ದು ಬಾಗಿಲಿಗೆ ಬೆನ್ನು ಕೊಡುತ್ತಾನೆ. ದಿನಕ್ಕೆ ನಾಲ್ಕು ಸಲ ನಲ್ಲಿ ತಿರುಗಿಸಿ ನೋಡುತ್ತಾನೆ. ಅಲ್ಲಿ ಅವರು ಏಳೆಂಟು ಜನ ಒಂದೇ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ದಿನಗಟ್ಟಲೆ ಇದ್ದರಂತೆ. ಮೂರನೇ ದಿನಕ್ಕೆ ನೀರು ನಿಂತಿತಂತೆ. ಹುಡುಗ ಕತ್ತಲಲ್ಲಿ ಮಲಗಿ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಯಾರೂ ಏನೂ ಹೇಳದೇ ಇದ್ದದ್ದಕ್ಕೆ ಮಿಕ್ಕದ್ದನ್ನು ತಾನೇ ಜೋಡಿಸಿಕೊಂಡಿದ್ದ.

"ಅಂತ್ರ ಕಟ್ಟಿಸಿದೀನಿ ಟೀಚರ್" ಅಂದಳು ಅಜ್ಜಿ. "ಮೊಮ್ಮಗಂಗೆ ಕಟ್ಟಿಸಿದೀನಿ. ಮಗ ಕಟ್ಟಿಸ್ಕಳಲ್ಲ ಅಂತಾನೆ."

ಅಂದಿನಿಂದ ನಾನು ಈ ವಿಷಯ ಸಿಕ್ಕಲ್ಲಿ ಓದಲು ಶುರು ಮಾಡಿದೆ. ನನ್ನ ಮಗಳು ನರ್ಸ್. ಅವಳು ಹುಡುಕಿ ಕೊಟ್ಟಳು, ಗೊತ್ತಾಗದ್ದನ್ನು ಬಿಡಿಸಿ ಹೇಳಿದಳು. ಓದುತ್ತಾ ಹೋದ ಹಾಗೆ ನಮ್ಮ ಹಳ್ಳಿಯ ಈ ಮನೆಯ ಕಥೆಯೇ ಡೆನ್ಮಾರ್ಕಿನಲ್ಲಿ, ಆಸ್ಟ್ರೇಲಿಯಾದಲ್ಲಿ, ಇಂಗ್ಲೆಂಡಿನಲ್ಲಿ ಸಿಕ್ಕಿತು. ಯುದ್ಧದಿಂದ ಓಡಿ ಬಂದು ಬೇರೆ ದೇಶದಲ್ಲಿ ಆಶ್ರಯ ಕೇಳಿದವರ ಮನೆಗಳವು. ನಮ್ಮವರಿಗೆ ತಿರುಗಿ ಬರಲು ಊರಾದರೂ ಇತ್ತು. ಅವರಿಗೆ ಅದೂ ಇಲ್ಲ. ಆದರೆ ಆ ಮನೆಯ ಮಕ್ಕಳು ಮಾಡುವುದೂ ಇದನ್ನೇ.

ಎರಡನೇ ಮಹಾಯುದ್ಧದಲ್ಲಿ ಲಂಡನ್ ಮೇಲೆ ಬಾಂಬ್ ಬೀಳುತ್ತಿದ್ದಾಗ ಆನಾ ಫ್ರಾಯ್ಡ್ ಮತ್ತು ಡೊರೊತಿ ಬರ್ಲಿಂಗ್‌ಹ್ಯಾಮ್ ಎಂಬ ಇಬ್ಬರು ಹೆಂಗಸರು ಹ್ಯಾಂಪ್‌ಸ್ಟೆಡ್‌ನಲ್ಲಿ ಮಕ್ಕಳ ಆಶ್ರಯಧಾಮ ನಡೆಸುತ್ತಿದ್ದರು. ಆನಾ ತಾನೂ ನಾಜಿಗಳ ಕಾಟಕ್ಕೆ 1938ರಲ್ಲಿ ವಿಯೆನ್ನಾ ಬಿಟ್ಟು ಬಂದವಳು. ಅವರಿಬ್ಬರೂ ದಿನಾ ನೋಡಿ ಬರೆದಿಟ್ಟ ಒಂದು ಮಾತು ನನಗೆ ಬಹಳ ತಾಗಿತು. ಚಿಕ್ಕ ಮಕ್ಕಳು ಬಾಂಬಿನ ಸದ್ದಿಗೆ ಹೆದರುವುದಕ್ಕಿಂತ ಜಾಸ್ತಿ ತಾಯಿ ಹೆದರುವುದನ್ನು ನೋಡಿ ಹೆದರುತ್ತಿದ್ದವಂತೆ. ತಾಯಿ ಗಟ್ಟಿಯಾಗಿದ್ದರೆ ಮಗು ಮಲಗಿ ನಿದ್ದೆ ಮಾಡುತ್ತಿತ್ತು. ಬಾಂಬಿಗಿಂತ ಹೆಚ್ಚಾಗಿ ಅಪ್ಪ ಅಮ್ಮನಿಂದ ದೂರವಾಗಿದ್ದೇ ಅವುಗಳನ್ನು ಕಂಗೆಡಿಸಿತ್ತು. ನಮ್ಮ ಹುಡುಗನಿಗೆ ಎರಡೂ ಆಯಿತು ನೋಡಿ. ಮೊದಲು ಅಪ್ಪ ಅಮ್ಮ ದೂರ ಹೋದರು. ಆಮೇಲೆ ಹೆದರಿಕೊಂಡು ಬಂದರು.

ಡೆನ್ಮಾರ್ಕಿನಲ್ಲಿ ಪ್ರತಿಯೊಬ್ಬರ ಆಸ್ಪತ್ರೆಯ ದಾಖಲೆಯೂ ಸರ್ಕಾರದ ಹತ್ತಿರ ಇರುತ್ತದೆ. 2019ರಲ್ಲಿ ಅಲ್ಲಿನ ಸಂಶೋಧಕರು ನಿರಾಶ್ರಿತರ ಐವತ್ತು ಸಾವಿರಕ್ಕೂ ಹೆಚ್ಚು ಮಕ್ಕಳ ದಾಖಲೆ ತೆಗೆದು ನೋಡಿದರು. ಯುದ್ಧ, ಹಿಂಸೆ ಅನುಭವಿಸಿದ ಮೇಲೆ ಉಳಿದುಕೊಳ್ಳುವ ಮನಸ್ಸಿನ ಕಾಯಿಲೆಗೆ ಡಾಕ್ಟರುಗಳು ಪಿಟಿಎಸ್‌ಡಿ ಅನ್ನುತ್ತಾರೆ. ಅಪ್ಪ ಅಥವಾ ಅಮ್ಮನಿಗೆ ಅದು ಇದ್ದ ಮನೆಯ ಮಕ್ಕಳಿಗೆ ಮಾನಸಿಕ ತೊಂದರೆ ಬರುವ ಸಂಭವ ಮಿಕ್ಕ ನಿರಾಶ್ರಿತರ ಮಕ್ಕಳಿಗಿಂತ ಸುಮಾರು ಒಂದೂವರೆ ಪಟ್ಟು. ಇಬ್ಬರಿಗೂ ಇದ್ದರೆ ಒಂದೂಮುಕ್ಕಾಲು ಪಟ್ಟು. ಗಮನಿಸಿ, ಹೋಲಿಸಿದ್ದು ಸುಖವಾಗಿ ಬೆಳೆದ ಮಕ್ಕಳ ಜೊತೆ ಅಲ್ಲ. ಊರು ಬಿಟ್ಟು ಬಂದ ಇನ್ನೊಂದು ಮನೆಯ ಮಕ್ಕಳ ಜೊತೆ.

ಹಾಗಾದರೆ ಇದು ಅಪ್ಪ ಅಮ್ಮನ ತಪ್ಪಾ? ಅಲ್ಲ. ದಯವಿಟ್ಟು ಯಾರೂ ಹಾಗೆ ಓದಬೇಡಿ. ಆಸ್ಟ್ರೇಲಿಯಾದಲ್ಲಿ ನೆಲೆಸಿದ ನಿರಾಶ್ರಿತ ಕುಟುಂಬಗಳ ಮೇಲೆ 2018ರಲ್ಲಿ ಒಂದು ಅಧ್ಯಯನ ಬಂತು. ಅದರಲ್ಲಿ ಕಂಡದ್ದು, ಹಳೆಯ ನೋವು ಮತ್ತು ಈಗಿನ ಕಷ್ಟ ಎರಡೂ ಸೇರಿ ತಂದೆ ತಾಯಿಯನ್ನು ಸಿಡುಕರನ್ನಾಗಿ ಮಾಡುತ್ತವೆ. ಬೈಗುಳ, ಹೊಡೆತ ಜಾಸ್ತಿಯಾಗುತ್ತದೆ. ಅದು ಮಕ್ಕಳ ನಡತೆಯಲ್ಲಿ, ಸ್ನೇಹದಲ್ಲಿ, ಮನಸ್ಸಿನಲ್ಲಿ ಕಾಣಿಸುತ್ತದೆ. ಈಗಿನ ಕಷ್ಟ ಅಂದರೆ ದುಡ್ಡು, ಕೆಲಸ, ಒಂಟಿತನ, ನಾಳೆ ಏನು ಅನ್ನುವ ಚಿಂತೆ. ಈ ಕೊನೆಯ ಮಾತನ್ನು ಎರಡು ಸಲ ಓದಿದೆ. ಹಳೆಯ ಯುದ್ಧವನ್ನು ನಾನಾಗಲಿ ನೀವಾಗಲಿ ಅಳಿಸುವುದಕ್ಕೆ ಆಗುವುದಿಲ್ಲ. ಈಗಿನ ಕಷ್ಟ ಕಡಿಮೆ ಮಾಡುವುದು ಮಾತ್ರ ನಿಮ್ಮ ಕೈಯಲ್ಲೇ ಇದೆ. ಸುಡಾನಿಗೆ ಹೋಗುವಾಗ ಮಾಡಿದ ಸಾಲ ಸುಡಾನಿನಲ್ಲಿ ಉಳಿಯಲಿಲ್ಲ. ಸರಕು ಅಲ್ಲೇ ಬಿಟ್ಟು ಬಂದರು, ಬಡ್ಡಿ ಇಲ್ಲಿ ಬೆಳೆಯುತ್ತಾ ಹೋಯಿತು. ಬಡ್ಡಿಯವರು ಬಾಗಿಲು ತಟ್ಟಿದಾಗಲೂ ಹುಡುಗ ಚಿಲಕ ಹಾಕುತ್ತಿದ್ದ.

ಕಾಯುವುದೂ ಒಂದು ಕಾಯಿಲೆಯೇ. ಆಶ್ರಯ ಕೇಳಿ ಅರ್ಜಿ ಹಾಕಿದವರು ಹೌದು ಅಥವಾ ಇಲ್ಲ ಅನ್ನುವ ಒಂದು ಕಾಗದಕ್ಕೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಕಾಯುತ್ತಾರೆ. ಅಲ್ಲಿವರೆಗೆ ಸ್ವಂತ ಮನೆಯಿಲ್ಲ, ಎಷ್ಟೋ ಕಡೆ ಕೆಲಸ ಮಾಡಲೂ ಬಿಡುವುದಿಲ್ಲ. ಇವತ್ತು ಈ ಕೇಂದ್ರ, ನಾಳೆ ಆ ಕೇಂದ್ರ. ಡೆನ್ಮಾರ್ಕಿನ ಆಶ್ರಯ ಕೇಂದ್ರಗಳಲ್ಲಿ ಮಕ್ಕಳನ್ನು ನೋಡಿದವರು 2008ರಲ್ಲೇ ಹೇಳಿದ್ದಾರೆ. ವರ್ಷಕ್ಕಿಂತ ಹೆಚ್ಚು ಕಾಲ ಅಲ್ಲಿದ್ದ ಮಕ್ಕಳಲ್ಲಿ, ಜಾಗದಿಂದ ಜಾಗಕ್ಕೆ ಮತ್ತೆ ಮತ್ತೆ ಎತ್ತಂಗಡಿಯಾದ ಮಕ್ಕಳಲ್ಲಿ ಮನಸ್ಸಿನ ತೊಂದರೆ ಜಾಸ್ತಿ. ಇಂಥ ಮನೆಗಳಲ್ಲಿ ಹೊಸ ಭಾಷೆಯನ್ನು ಮೊದಲು ಕಲಿಯುವವರು ಮಕ್ಕಳೇ. ಆಸ್ಪತ್ರೆಯಲ್ಲಿ, ಆಫೀಸಿನಲ್ಲಿ ಅಮ್ಮನ ಮಾತನ್ನು ಅವರೇ ತಿಳಿಸಿ ಹೇಳಬೇಕು. ಅಮ್ಮನಿಗೆ ಏನಾಯಿತು ಅನ್ನುವುದು ಮಗುವಿಗೆ ಗೊತ್ತಾಗುವುದೂ ಕೆಲವೊಮ್ಮೆ ಹಾಗೆಯೇ. ಹತ್ತು ವರ್ಷದ ಮಗು ಮನೆಯ ಯಜಮಾನ ಆಗಿಬಿಡುತ್ತದೆ.

ನಮ್ಮ ಹುಡುಗ ಹಾಗೆ ಆದದ್ದನ್ನು ನಾನೇ ಕಣ್ಣಾರೆ ನೋಡಿದೆ. ಊರಿಗೆ ಬಂದ ಮರುವರ್ಷ ಅವನಿಗೆ ಒಬ್ಬಳು ತಂಗಿ ಹುಟ್ಟಿದಳು. ಒಂದು ಭಾನುವಾರ ಹೋದಾಗ ಮಗು ಅಮ್ಮನ ತೊಡೆ ಮೇಲಿತ್ತು. ಆರು ತಿಂಗಳಿರಬೇಕು. ಮಗು ಅಮ್ಮನ ಮುಖ ನೋಡಿ ನಕ್ಕಿತು. ಅಮ್ಮ ಮಗುವನ್ನೇ ನೋಡುತ್ತಿದ್ದಳು, ಆದರೆ ಮುಖದಲ್ಲಿ ಏನೂ ಇಲ್ಲ. ಮಗು ಮತ್ತೆ ನಕ್ಕಿತು. ಕೈ ಚಾಚಿತು. ಆಮೇಲೆ ಮುಖ ಆ ಕಡೆ ತಿರುಗಿಸಿಕೊಂಡಿತು. ಮೂಲೆಯಲ್ಲಿ ಹೋಂವರ್ಕ್ ಮಾಡುತ್ತಿದ್ದ ಅಣ್ಣ ಪೆನ್ಸಿಲ್ ಇಟ್ಟು ಬಂದು ತಂಗಿಯ ಮುಂದೆ ಕೂತು ನಾಲಗೆ ಚಾಚಿದ, ಬೆಕ್ಕಿನ ಹಾಗೆ ಕೂಗಿದ. ಮಗು ಕಿಲಕಿಲ ಅಂತು. ಅವನು ಎದ್ದು ಹೋಗಿ ಮತ್ತೆ ಲೆಕ್ಕ ಮಾಡಿದ. ಇದು ಅವನಿಗೆ ದಿನದ ಕೆಲಸ ಅಂತ ನೋಡಿದರೇ ಗೊತ್ತಾಗುತ್ತಿತ್ತು.

ಅಮೆರಿಕದ ಎಡ್ವರ್ಡ್ ಟ್ರಾನಿಕ್ ಎಂಬ ಮನಶ್ಶಾಸ್ತ್ರಜ್ಞ 1970ರ ದಶಕದಲ್ಲಿ ಒಂದು ಪ್ರಯೋಗ ಮಾಡಿದ್ದರು. ಮಗುವಿನ ಜೊತೆ ಆಡುತ್ತಿದ್ದ ತಾಯಿಗೆ, ಎರಡು ಮೂರು ನಿಮಿಷ ಮುಖದಲ್ಲಿ ಯಾವ ಭಾವವನ್ನೂ ತೋರಿಸದೆ ಸುಮ್ನೆ ನೋಡಲು ಹೇಳಿದರು. ಮಗು ಮೊದಲು ನಗುತ್ತದೆ, ಕೈ ಚಾಚುತ್ತದೆ. ಅಮ್ಮ ಏನೂ ಅನ್ನದಿದ್ದರೆ ಮುಖ ತಿರುಗಿಸುತ್ತದೆ, ಅಳುತ್ತದೆ. ಅದನ್ನು ಓದುವ ಮುಂಚೆಯೇ ನಾನು ಆ ಮನೆಯಲ್ಲಿ ನೋಡಿದ್ದೆ. ಪ್ರಯೋಗದಲ್ಲಿ ಎರಡು ಮೂರು ನಿಮಿಷಕ್ಕೆ ಅಮ್ಮ ವಾಪಸ್ ಬರುತ್ತಾಳೆ, ನಗುತ್ತಾಳೆ, ಮಗು ಸಮಾಧಾನ ಆಗುತ್ತದೆ. ಈ ತಾಯಿಗೆ ವಾಪಸ್ ಬರುವ ದಾರಿಯನ್ನು ಯಾರೂ ತೋರಿಸಿಲ್ಲ.

ನಾವು ಪ್ರಯತ್ನ ಮಾಡಲಿಲ್ಲ ಅಂತಲ್ಲ. ಹುಡುಗನನ್ನು ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಯಾವುದು ಅಂತ ಬರೆಯುವುದಿಲ್ಲ. ಅಲ್ಲಿ ಕೆಲಸ ಮಾಡುವವರ ಕಷ್ಟ ನನಗೂ ಅರ್ಥವಾಗುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಚೀಟಿ ಮಾಡಿಸಿ ಮಧ್ಯಾಹ್ನದವರೆಗೆ ಕೂತೆವು. ಹುಡುಗನ ಹೆಸರು ಕೂಗಿದರು. ಅಪ್ಪ ಎದ್ದ. "ನೀವು ಹೊರಗೇ ಇರಿ" ಅಂದರು. ಒಳಗೆ ಹುಡುಗನನ್ನು ಕೇಳಿದರು: ನಿದ್ದೆ ಬರುತ್ತಾ, ಊಟ ಮಾಡ್ತೀಯಾ, ಶಾಲೇಲಿ ಯಾರಾದ್ರೂ ಹೊಡೀತಾರಾ. ಅವನು ಎಲ್ಲದಕ್ಕೂ ತಲೆ ಆಡಿಸಿದ. ನಾನು ಸುಡಾನಿನ ಮಾತು ತೆಗೆದೆ. "ಇವನು ಹೋಗಿದ್ನಾ?" ಅಂದರು. ಇಲ್ಲ ಅಂದೆ. "ಮತ್ತೆ?" ಅಂದರು. ಒಂದು ಸಿರಪ್ಪು, ಒಂದು ಮಾತ್ರೆ ಬರೆದರು. ಹೊರಗೆ ಅಪ್ಪ ಕಾರಿಡಾರಿನ ಕೊನೆಯಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಯಾವುದೋ ಸ್ಟ್ರೆಚರ್ ಗಡಗಡ ಅಂದಾಗ ಅವನು ಬೆಚ್ಚಿ ಬಿದ್ದದ್ದನ್ನು ನೋಡಿದ್ದು ನಾನೊಬ್ಬಳೇ.

ಈ ಪತ್ರ ಬರೆಯುತ್ತಿರುವುದೇ ಆ ಕಾರಿಡಾರಿನ ಕಾರಣಕ್ಕೆ. ಕಾಯಿಲೆ ಇದ್ದವನು ಹೊರಗೆ ನಿಂತಿದ್ದ. ಅದರ ನೆರಳು ಬಿದ್ದವನಿಗೆ ಒಳಗೆ ಸಿರಪ್ಪು ಕೊಟ್ಟರು. ದಯವಿಟ್ಟು ಅಪ್ಪನನ್ನೂ ಒಳಗೆ ಕರೆಯಿರಿ. ಅಮ್ಮನನ್ನೂ ಕರೆಯಿರಿ. ಇಬ್ಬರನ್ನೂ ಮಗುವಿನ ಜೊತೆ ಕೂರಿಸಿ ಮಾತಾಡಿಸಿ.

ನಿಮ್ಮ ಹತ್ತಿರ ಇಲ್ಲದ್ದನ್ನು ನಾನು ಕೇಳುತ್ತಿಲ್ಲ. ಇಡೀ ದೇಶಕ್ಕೆ ಮಾದರಿಯಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪ ತಳೆದದ್ದು ನಮ್ಮದೇ ರಾಜ್ಯದ ಬಳ್ಳಾರಿಯಲ್ಲಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿ ಹಳ್ಳಿಯ ಆಸ್ಪತ್ರೆಗಳಲ್ಲೇ ಮನಸ್ಸಿನ ಕಾಯಿಲೆ ನೋಡಬಹುದು ಅಂತ ಮಾಡಿ ತೋರಿಸಿದರು. ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ ಮನೋಚೈತನ್ಯ ಕಾರ್ಯಕ್ರಮ ಇದೆ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಮಾತಾಡುತ್ತಾರೆ. ಮಕ್ಕಳ ಆರೋಗ್ಯ ತಪಾಸಣೆಗೆ ಆರ್‌ಬಿಎಸ್‌ಕೆ ತಂಡ ಶಾಲೆಗೇ ಬರುತ್ತದೆ. ಹಲ್ಲು ನೋಡುತ್ತಾರೆ, ಕಣ್ಣು ನೋಡುತ್ತಾರೆ, ತೂಕ ಹಾಕುತ್ತಾರೆ. ಆ ತಂಡ ಟೀಚರನ್ನು ಒಂದು ಪ್ರಶ್ನೆ ಕೇಳಿದರೆ ಸಾಕು: "ಈ ಮಗುವಿನ ಮನೆಯಲ್ಲಿ ಯಾರಿಗಾದರೂ ಭಾರೀ ಆಘಾತ ಆಗಿದೆಯಾ?" ಹೌದು ಅಂದರೆ ಮಗುವಿನ ಹೆಸರಿನ ಪಕ್ಕದಲ್ಲೇ ಮನೆಯವರ ಹೆಸರು ಬರೆದುಕೊಂಡು ಮುಂದಿನ ಮಂಗಳವಾರಕ್ಕೆ ಇಬ್ಬರನ್ನೂ ಒಟ್ಟಿಗೆ ಕರೆಯಲಿ. ಹೋಗಿ ಬರುವ ಬಸ್ ಚಾರ್ಜು, ಆ ದಿನದ ಕೂಲಿ ಕೊಡಿಸಿ. ಕೂಲಿ ಬಿಟ್ಟು ಬಾ ಅಂದರೆ ಯಾರು ಬರುತ್ತಾರೆ?

"ನನಗೇನಾಗೈತೆ?" ಅನ್ನುವ ಅಪ್ಪಂದಿರಿಗೆ ಹುಚ್ಚಿನ ಡಾಕ್ಟರ ಹತ್ತಿರ ಹೋಗು ಅಂದರೆ ಬರುವುದಿಲ್ಲ, ಅದೂ ನಿಜ. ಆದರೆ ಮಗನಿಗಾಗಿ ಬಾ ಅಂದರೆ ಬರುತ್ತಾರೆ. ಈ ಅಪ್ಪ ಮಗನ ಜೊತೆ ಆಸ್ಪತ್ರೆಯವರೆಗೂ ಬಂದಿದ್ದನಲ್ಲ. ಒಳಗೆ ಬರಲು ನಾಲ್ಕು ಹೆಜ್ಜೆ ಬಾಕಿ ಇತ್ತು.

ಇನ್ನೊಂದು ಮಾತು. ನೆರೆ ಬಂದಾಗ, ಯುದ್ಧದಿಂದ ಜನ ಮರಳಿದಾಗ, ಎಲ್ಲಿಂದಲಾದರೂ ಒಂದು ಕುಟುಂಬ ಓಡಿ ಬಂದು ನಮ್ಮ ಜಿಲ್ಲೆಯಲ್ಲಿ ನಿಂತಾಗ ನಿಮ್ಮ ಆಫೀಸಿನಲ್ಲಿ ಒಂದು ಪಟ್ಟಿ ಆಗುತ್ತದೆ. ಆ ಪಟ್ಟಿಯಲ್ಲಿ ಬಂದವರ ಹೆಸರು ಮಾತ್ರ ಇರುತ್ತದೆ. ಮನೆಯಲ್ಲಿ ಕಾಯುತ್ತಿದ್ದ ಮಕ್ಕಳ ಹೆಸರು ಇರುವುದಿಲ್ಲ. ಅವರ ಹೆಸರನ್ನೂ ಸೇರಿಸಿ. ಎರಡು ವರ್ಷ ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರು ಆ ಮನೆಗೆ ತಿಂಗಳಿಗೊಮ್ಮೆ ಹೋಗಿ ಬರಲಿ. ಹೋಗಿ ಏನು ಮಾಡಬೇಕು ಅಂತ ಅವರಿಗೆ ಒಂದು ದಿನ ಕೂರಿಸಿ ಹೇಳಿಕೊಡಿ. ಈ ಕೆಲಸಕ್ಕೆ ಅವರಿಗೆ ಬೇರೆ ದುಡ್ಡು ಕೊಡಿ, ಸುಮ್ನೆ ಇನ್ನೊಂದು ಹೊರೆ ಹೊರಿಸಬೇಡಿ. ಸಾಲದ ವಿಷಯಕ್ಕೂ ಕೈ ಹಾಕಿ. ಹಕ್ಕಿಪಿಕ್ಕಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದವರು. ಅವರಿಗೆ ಸಿಗಬೇಕಾದ ಸಾಲ, ಸಹಾಯಧನ ಯಾವುದಿದೆಯೋ ಅದನ್ನು ಅಧಿಕಾರಿಯೊಬ್ಬರು ಊರಿಗೇ ಬಂದು ಬರೆದುಕೊಂಡು ಹೋಗಲಿ. ಬಡ್ಡಿಯವರು ಬಾಗಿಲು ತಟ್ಟುವುದು ನಿಂತರೆ ಅರ್ಧ ಔಷಧಿ ಕೊಟ್ಟ ಹಾಗೆ.

ಎಲ್ಲ ಮಕ್ಕಳೂ ಹೀಗೇ ಆಗುತ್ತಾರೆ ಅಂತ ನಾನು ಹೆದರಿಸುತ್ತಿಲ್ಲ. ಹಿಟ್ಲರನ ಶಿಬಿರಗಳಿಂದ ಬದುಕಿ ಬಂದವರ ಮಕ್ಕಳ ಬಗ್ಗೆ 1960ರ ದಶಕದಿಂದಲೂ ಬರೆಯುತ್ತಿದ್ದಾರೆ. ಮೊದಲು ಬರೆದವರು ಮನೋವೈದ್ಯರು. ಅವರ ಹತ್ತಿರ ಬಂದದ್ದು ತೊಂದರೆ ಇದ್ದ ಮಕ್ಕಳೇ. ಆಮೇಲೆ ಊರಿನ ಸಾಮಾನ್ಯ ಮನೆಗಳನ್ನು ನೋಡಿದವರ ಅಧ್ಯಯನಗಳನ್ನೆಲ್ಲ 2003ರಲ್ಲಿ ಒಟ್ಟಿಗೆ ಇಟ್ಟು ನೋಡಿದಾಗ, ಹೆಚ್ಚಿನ ಮಕ್ಕಳು ಬೇರೆ ಮಕ್ಕಳ ಹಾಗೇ ಚೆನ್ನಾಗಿ ಬೆಳೆದಿದ್ದರು. ಅಂದರೆ ಇದು ಹಣೆಬರಹ ಅಲ್ಲ. ಸುತ್ತ ಜನ ಇದ್ದರೆ, ಹೊಟ್ಟೆಗೆ ಬಟ್ಟೆಗೆ ಇದ್ದರೆ, ನಾಳೆಯ ಬಗ್ಗೆ ಒಂದಿಷ್ಟು ಧೈರ್ಯ ಇದ್ದರೆ ಮಕ್ಕಳು ಎದ್ದು ನಿಲ್ಲುತ್ತಾರೆ ಅಂತ ನಾನು ನಂಬುತ್ತೇನೆ. ಮೂವತ್ತೊಂದು ವರ್ಷ ಮಕ್ಕಳ ಜೊತೆ ಇದ್ದು ನಂಬುತ್ತೇನೆ.

ನಮ್ಮ ಸೀಮೆಗೆ ಇದು ಹೊಸದೂ ಅಲ್ಲ. ಚಳಿಗಾಲದಲ್ಲಿ ಊರಿಂದೂರಿಗೆ ಸ್ವೆಟರ್ ಮಾರಲು ಬರುವ ಟಿಬೆಟನ್ನರನ್ನು ನೋಡಿಯೇ ಇರುತ್ತೀರಿ. ಅವರ ಹಿರಿಯರು 1959ರ ನಂತರ ಎಲ್ಲ ಬಿಟ್ಟು ಬಂದವರು. 1966ರಲ್ಲಿ ಮುಂಡಗೋಡದಲ್ಲಿ ಅವರಿಗೆ ನೆಲೆ ಆದಾಗ ರಾಜ್ಯದ ಮುಖ್ಯಮಂತ್ರಿ ಆಗಿದ್ದವರು ನಮ್ಮ ಚಿತ್ರದುರ್ಗದ ಎಸ್. ನಿಜಲಿಂಗಪ್ಪನವರು. ಟಿಬೆಟನ್ನರು ಇವತ್ತಿಗೂ ಅವರ ಹೆಸರು ಹೇಳಿ ಕೈ ಮುಗಿಯುತ್ತಾರೆ. ಚಿತ್ರದುರ್ಗದ ಹತ್ತಿರದ ಸೀಬಾರ ದಾಟುವಾಗ ನಿಜಲಿಂಗಪ್ಪನವರ ಸಮಾಧಿಯ ಕಡೆ ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಆಗ ಜಮೀನು ಕೊಟ್ಟರು, ಮನೆ ಕೊಟ್ಟರು, ಮಕ್ಕಳಿಗೆ ಅವರದೇ ಶಾಲೆಗಳೂ ಆದವು. ನಮ್ಮ ದೇಶ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ ನಿಜ. ಆದರೆ 1992ರಲ್ಲಿ ಮಕ್ಕಳ ಹಕ್ಕುಗಳ ಒಪ್ಪಂದಕ್ಕೆ ಸೇರಿದ್ದೇವೆ. ನಿರಾಶ್ರಿತ ಮಗುವಿಗೆ ರಕ್ಷಣೆ ಕೊಡಬೇಕು, ಯುದ್ಧಕ್ಕೆ ಸಿಕ್ಕ ಮಗು ಚೇತರಿಸಿಕೊಳ್ಳಲು ನೆರವಾಗಬೇಕು ಅಂತ ಅದರಲ್ಲಿ ಬರೆದಿದೆ.

2025ರ ಅಕ್ಟೋಬರ್ ಕೊನೆಗೆ ಸುಡಾನಿನ ಎಲ್ ಫಾಶರ್ ಊರು ಆರ್‌ಎಸ್‌ಎಫ್ ಕೈಗೆ ಹೋಯಿತು. ಒಂದೂವರೆ ವರ್ಷ ಮುತ್ತಿಗೆಯಲ್ಲಿದ್ದ ಊರದು. ನಮ್ಮ ಹುಡುಗನ ಅಪ್ಪ ಅಮ್ಮ ಇದ್ದದ್ದು ಅಲ್ಲೇ. ಸುದ್ದಿ ಮೊಬೈಲಿನಲ್ಲಿ ನೋಡಿದ ಅಪ್ಪ ಎರಡು ದಿನ ಊಟ ಬಿಟ್ಟ. ನಾನು ಹೋದಾಗ ಮೊದಲ ಸಲ ತಾನೇ ಬಾಯಿ ಬಿಟ್ಟ. ಅಲ್ಲಿ ನಲ್ಲಿ ನಿಂತಾಗ ಪಕ್ಕದ ಮನೆಯ ಹೆಂಗಸು ಗೋಡೆ ಮೇಲಿಂದ ಒಂದು ಡಬ್ಬ ನೀರು ಇಳಿಬಿಡುತ್ತಿದ್ದಳಂತೆ. ಅವಳಿಗೂ ನಾಲ್ಕು ಮಕ್ಕಳು.

"ನಮ್ಮನ್ನ ಹಡಗು ಕಳಿಸಿ ಕರ್ಕಂಬಂದ್ರು ಟೀಚರ್. ಅವಳ್ನ ಯಾರು ಕರ್ಕಂಡೋಗ್ತಾರೆ? ಆ ಮಕ್ಕಳು ಎಲ್ಲಿ ಅದಾವೋ" ಅಂದ.

ಎಲ್ಲಿದ್ದಾವೋ ನನಗೂ ಗೊತ್ತಿಲ್ಲ. ಯಾವುದೋ ಟೆಂಟಿನಲ್ಲೋ, ಚಾಡ್ ದೇಶದ ಗಡಿಯಲ್ಲೋ. 2024ರ ಕೊನೆಗೆ ಜಗತ್ತಿನಲ್ಲಿ ಹಾಗೆ ಮನೆ ಬಿಟ್ಟು ಓಡಿದವರು 12 ಕೋಟಿ 32 ಲಕ್ಷ ಜನ ಅಂತ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಲೆಕ್ಕ ಕೊಟ್ಟಿದೆ. ಅದರಲ್ಲಿ ನೂರಕ್ಕೆ ನಲವತ್ತು ಮಂದಿ ಮಕ್ಕಳು.

ಅಪ್ಪ ಇದನ್ನೆಲ್ಲ ಹೇಳುವಾಗ ಹುಡುಗ ಬಾಗಿಲ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದ. ನಾನು ಅವನನ್ನು ಆಚೆ ಕಳಿಸಲಿಲ್ಲ. ಮುಗಿದ ಮೇಲೆ ಹುಡುಗ ಅಪ್ಪನ ಪಕ್ಕ ಬಂದು ಕೂತ. "ಅಪ್ಪ, ಆ ಮನೇಲಿ ಹುಡುಗ್ರು ಎಷ್ಟನೇ ಕ್ಲಾಸು?" ಅಂತ ಕೇಳಿದ. ಅಪ್ಪ ಹೇಳಿದ. ಅವತ್ತು ಇಬ್ಬರೂ ಒಂದೇ ತಟ್ಟೆಯಲ್ಲಿ ಊಟ ಮಾಡಿದರು ಅಂತ ಅಜ್ಜಿ ಆಮೇಲೆ ಹೇಳಿದಳು. ನಾನು ಟೀಚರು, ಡಾಕ್ಟರಲ್ಲ. ಗೊತ್ತಿಲ್ಲದೆ ಮಾಡಿದ ಒಂದು ಸಂಜೆಯ ಮಾತಿಗೇ ಇಷ್ಟಾದರೆ, ತಿಳಿದವರು ಕೂತು ಹತ್ತು ಸಲ ಮಾತಾಡಿಸಿದರೆ ಏನಾಗಬಹುದು ಅಂತ ನೀವೇ ಯೋಚಿಸಿ.

ಹುಡುಗ ಈಗ ಆರನೇ ಕ್ಲಾಸು. ಬಾಟಲಿ ಮೂರರಿಂದ ಎರಡಾಗಿದೆ. ಮಷೀನಿನ ಸದ್ದಿಗೆ ಮಾತ್ರ ಇನ್ನೂ ಎದ್ದು ಹೋಗುತ್ತಾನೆ, ಈಗಿನ ಟೀಚರು ಒಳ್ಳೆಯವರು, ಗದರುವುದಿಲ್ಲ, ತಾವೇ ಬಾಗಿಲು ಮುಂದೆ ಮಾಡುತ್ತಾರೆ. ಗಣಪತಿ ಹಬ್ಬದ ಹೊತ್ತಿಗೆ ಮತ್ತೆ ಕೊಯ್ಲು ಶುರುವಾಗುತ್ತದೆ. ಅಷ್ಟರೊಳಗೆ ಒಂದು ಮಂಗಳವಾರ ಗೊತ್ತು ಮಾಡಿ ತಿಳಿಸಿ. ಅಪ್ಪ ಅಮ್ಮ ಇಬ್ಬರೂ ಬರಲು ಒಪ್ಪಿದ್ದಾರೆ. ನಾನೇ ಕರೆದುಕೊಂಡು ಬರುತ್ತೇನೆ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ
ಚನ್ನಗಿರಿ ತಾಲ್ಲೂಕು, ದಾವಣಗೆರೆ ಜಿಲ್ಲೆ